ಹುಣಸೆ ತೊಗಟೆಯ ಬಟ್ಟಲುಗಳು

ನಮ್ಮ ಬದುವಿನ ಹುಣಸೆಮರ ಎರಡು ವರ್ಷದಿಂದ ಸೊರಗಿತ್ತು. ತೊಗಟೆ ತುಂಬಾ ಬೂದು ಬಣ್ಣದ ಚಕ್ಕೆ, ಅದರ ಮೇಲೆ ರಾಗಿಕಾಳಿನಷ್ಟು ಕಪ್ಪು ಬಟ್ಟಲುಗಳು. 'ಇದೇ ರೋಗ ಕಣಪ್ಪ, ಕೆರೆದು ಹಾಕು, ಇಲ್ಲಾಂದ್ರೆ ಸೌದೆಗೆ ಕೊಡು' ಅಂದರು ಪಕ್ಕದ ಹೊಲದೋರು. ನಂಬಿ, ಮಚ್ಚಿನಿಂದ ಆಳೆತ್ತರ ಕೆರೆದೆ. ಹಸಿ ತೊಗಟೆಗೇ ಗಾಯವಾಯಿತು.

ಆಮೇಲೆ ಕೃಷಿ ಕಾಲೇಜಿನ ಮೇಷ್ಟ್ರೊಬ್ಬರು ಭೂತಗನ್ನಡಿ ಇಟ್ಟು ತೋರಿಸಿದರು. ಅದು ಕಲ್ಲುಹೂವಿನ ಜಾತಿ. ಶಿಲೀಂಧ್ರ, ಪಾಚಿ ಸೇರಿ ಹೂಡಿದ ಸಂಸಾರ. ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತೆ, ಶಿಲೀಂಧ್ರ ಮನೆ ಕಟ್ಟುತ್ತೆ. ಮರದಿಂದ ಊಟ ಕೇಳೋದಿಲ್ಲ, ಜಾಗ ಮಾತ್ರ. ಆ ಬಟ್ಟಲು ಶಿಲೀಂಧ್ರದ ಫಲ. ಅದರೊಳಗೆ ಕಣ್ಣಿಗೆ ಕಾಣದ ಚೀಲಗಳು, ಸಾಮಾನ್ಯವಾಗಿ ಒಂದೊಂದರಲ್ಲಿ 8 ಬೀಜಕಣ. ಅವು ಚಿಮ್ಮಿ ಬಿದ್ದಲ್ಲಿ ತಕ್ಕ ಪಾಚಿ ಸಿಕ್ಕರೇ ಹೊಸ ಸಂಸಾರ. ಮಳೆಗಾಲದಲ್ಲಿ ಹಳೇ ಸಗಣಿ, ಕೊಳೆತ ಸೌದೆ ಮೇಲೆ ಏಳುವ ಬಟ್ಟಲಿನಂಥ ಅಣಬೆಗಳ ಫಲವೂ ಇದೇ ರೀತಿ. ಅವಕ್ಕೆ ಪಾಚಿಯ ಜೊತೆಯಿಲ್ಲ, ಕಸ ಕೊಳೆಸಿ ಬದುಕುತ್ತವೆ.

ಹಾಗಾದರೆ ಮರ ಸೊರಗಿದ್ದೇಕೆ? ತಪ್ಪು ನನ್ನದೇ. ಬುಡದ ತನಕ ಟ್ರ್ಯಾಕ್ಟರ್ ಹೊಡೆಸಿ ಬೇರು ಹರಿದಿದ್ದೆ. ಎಲೆ ಉದುರಿತು, ತೊಗಟೆಗೆ ಬೆಳಕು ಬಿತ್ತು, ಕಲ್ಲುಹೂವು ಹಬ್ಬಿತು. ಬೇರಿನ ಪೆಟ್ಟು ಮೊದಲು, ಕಲ್ಲುಹೂವು ಆಮೇಲೆ.

ಈಗ ಬುಡ ಬಿಟ್ಟು ಉಳುತ್ತೇನೆ, ಸೊಪ್ಪುಸದೆ ಮುಚ್ಚುತ್ತೇನೆ. ಈ ಸಲ ಮರ ಚಿಗುರಿದೆ. ಕೆರೆಯದೆ ಬಿಟ್ಟ ಕಡೆ ಬಟ್ಟಲುಗಳೂ ಹಾಗೇ ಇವೆ. ನಿಮ್ಮ ಮರದಲ್ಲೂ ಕಂಡರೆ ಮಚ್ಚು ಹಿಡಿಯೋ ಮೊದಲು ಬುಡ ನೋಡಿ.