ಅಂಗಡಿಯಿಲ್ಲದ ಚಿನಿವಾರ ಪೇಟೆ



ಊರಿನ ಕನ್ನಡ ಪತ್ರಿಕೆಗಳಲ್ಲಿ 'ಚಿನಿವಾರ ಪೇಟೆ' ಎಂಬ ಪುಟ್ಟ ಮೂಲೆ ಇರುತ್ತಿತ್ತಲ್ಲ, ಬಂಗಾರ ಇಷ್ಟು, ಬೆಳ್ಳಿ ಇಷ್ಟು ಎಂದು? ಈಗ ಆ ಪೇಟೆ ಮೊಬೈಲಿನೊಳಕ್ಕೇ ಬಂದಿದೆ. ದರವಷ್ಟೇ ಅಲ್ಲ, ಕೊಳ್ಳುವವರು ಮಾರುವವರೂ ಅಲ್ಲೇ ಸಿಗುತ್ತಾರೆ. "ಅಜ್ಜಿಯ ಸರ ಮಾರಾಟಕ್ಕಿದೆ", "ಬ್ಯಾಂಕಿನಿಂದ ತಂದ 10 ಗ್ರಾಂ ನಾಣ್ಯ, ಸೀಲ್ ಒಡೆದಿಲ್ಲ" ಎಂಬಂಥ ಜಾಹೀರಾತುಗಳು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಕಾಣುತ್ತವೆ. ಅಂಗಡಿಯವನನ್ನು ಬಿಟ್ಟು ನೇರವಾಗಿ ವ್ಯವಹಾರ ಮಾಡಬಹುದೇ? ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ಅಂಗಡಿಯವನು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಆಗ ನೀವೇ ಮಾಡಬೇಕಾಗುತ್ತದೆ.

ಮೊದಲು, ಜನ ಈ ದಾರಿಗೆ ಯಾಕೆ ಬರುತ್ತಾರೆ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ಅಪರಂಜಿ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು ಚಿನ್ನ, ಹಾಗಾಗಿ ಗ್ರಾಂಗೆ 9,160. 40 ಗ್ರಾಂ ಸರದಲ್ಲಿರುವ ಚಿನ್ನದ ಬೆಲೆ 3,66,400 ರೂಪಾಯಿ. ಅಂಗಡಿಯಲ್ಲಿ ಹೊಸದಾಗಿ ಕೊಂಡರೆ, ಮಜೂರಿ ಶೇಕಡ 12 ಎಂದು ಹಿಡಿದರೂ 43,968 ಸೇರುತ್ತದೆ. ಒಟ್ಟಿನ ಮೇಲೆ ಶೇಕಡ 3 ಜಿಎಸ್‌ಟಿ. ಕೈಬಿಡುವ ಹಣ ಸುಮಾರು 4,22,680. ಅದೇ ಸರವನ್ನು ಮರುದಿನ ಮಾರಲು ಹೋಗಿ, ಅವರು ಶೇಕಡ 4 ಕಳೆದರೆ ಸಿಗುವುದು 3,51,744. ಈ 70 ಸಾವಿರದ ಕಂದಕವೇ ಇಬ್ಬರು ಅಪರಿಚಿತರನ್ನು ಹತ್ತಿರ ತರುವುದು. ಮಧ್ಯದ ಒಂದು ಬೆಲೆಗೆ ಒಪ್ಪಿದರೆ ಇಬ್ಬರಿಗೂ ಲಾಭ. ವ್ಯಾಪಾರಿಯಲ್ಲದ ಗೃಹಸ್ಥರು ತಮ್ಮ ಮನೆಯ ಒಡವೆ ಮಾರಿದರೆ ಜಿಎಸ್‌ಟಿ ಇಲ್ಲ. ನಾಣ್ಯದ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ: ಬ್ಯಾಂಕುಗಳು ಚಿನ್ನದ ನಾಣ್ಯ ಮಾರುತ್ತವೆ, ಮರಳಿ ಕೊಳ್ಳುವುದಿಲ್ಲ.

ತೂಕದ ಮಾತು ಬಂದಾಗ ನಮ್ಮಂಥ ಪರ ಊರಿನವರು ಸ್ವಲ್ಪ ಎಚ್ಚರವಾಗಿರಬೇಕು. ಹಳೆಯ ಲೆಕ್ಕದ ತೊಲ 11.66 ಗ್ರಾಂ. ಮುಂಬೈ, ಪುಣೆ ಕಡೆ ಈಗ ಅನೇಕರು ತೊಲ ಎಂದರೆ 10 ಗ್ರಾಂ ಎಂದೇ ಹಿಡಿಯುತ್ತಾರೆ. ಚೆನ್ನೈಯಲ್ಲಿ ಮಾತು ಸವರನ್ನಿನಲ್ಲಿ, ಅದು 8 ಗ್ರಾಂ. ಜಾಹೀರಾತು ಯಾವ ಭಾಷೆಯಲ್ಲಾದರೂ ಇರಲಿ, ಗ್ರಾಂನಲ್ಲೇ ಬರೆಸಿಕೊಳ್ಳಿ.

ಇನ್ನು ಶುದ್ಧತೆ. 2021ರ ಜುಲೈ 1ರಿಂದ ಹಾಲ್‌ಮಾರ್ಕ್ ಒಡವೆಗಳ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತು, ಶುದ್ಧತೆಯ ಅಂಕಿ ಮತ್ತು ಅಕ್ಷರ-ಅಂಕಿ ಬೆರೆತ ಆರು ಸ್ಥಾನಗಳ ಒಂದು ಸಂಕೇತ ಇರುತ್ತವೆ. ಈ ಸಂಕೇತಕ್ಕೆ ಎಚ್‌ಯುಐಡಿ ಎಂದು ಹೆಸರು, ಒಂದೊಂದು ಒಡವೆಗೂ ಬೇರೆ ಬೇರೆ. ಬ್ಯೂರೊದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆ ಯಾವ ಬಗೆಯದು, ಎಷ್ಟು ಶುದ್ಧ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಂಬುದೆಲ್ಲ ಬರುತ್ತದೆ. ಆ್ಯಪ್ ಉಂಗುರ ಎನ್ನುತ್ತಿದೆ, ನಿಮ್ಮ ಕೈಯಲ್ಲಿರುವುದು ಸರ ಎಂದಾದರೆ ಮುಂದೆ ಮಾತೇ ಬೇಡ, ಯಾರದೋ ಸಂಕೇತವನ್ನು ಕೆತ್ತಿದ್ದಾರೆ.

ಆದರೆ ಅಜ್ಜಿಯ ಸರದ ಮೇಲೆ ಇದ್ಯಾವುದೂ ಇರುವುದಿಲ್ಲ. ನಮ್ಮಲ್ಲಿ ಹಾಲ್‌ಮಾರ್ಕ್ ಶುರುವಾದದ್ದೇ 2000ದಲ್ಲಿ. ಗುರುತಿಲ್ಲ ಎಂದ ಮಾತ್ರಕ್ಕೆ ಚಿನ್ನ ಕೆಟ್ಟದ್ದಲ್ಲ, ಪರೀಕ್ಷೆಯಾಗಬೇಕು ಅಷ್ಟೆ. ಬ್ಯೂರೊ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಸಾಮಾನ್ಯ ಗ್ರಾಹಕರೂ ಒಡವೆ ಒಯ್ದು ತೋರಿಸಬಹುದು. 2023ರಲ್ಲಿ ಸರ್ಕಾರ ತಿಳಿಸಿದ್ದ ಶುಲ್ಕ ನಾಲ್ಕು ಒಡವೆಗಳವರೆಗೆ 200 ರೂಪಾಯಿ. ಲಕ್ಷಗಟ್ಟಲೆಯ ವ್ಯವಹಾರಕ್ಕೆ ಇದೇನು ದೊಡ್ಡ ಖರ್ಚಲ್ಲ. ಕೊಳ್ಳುವವರು ಮಾರುವವರು ಇಬ್ಬರೂ ಆ ಕೇಂದ್ರದಲ್ಲೇ ಭೇಟಿಯಾಗುವುದು ನನಗೆ ತಿಳಿದ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಹೋಟೆಲು, ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಇವೆಲ್ಲ ಬೇಡ.

ಅಲ್ಲಿ ಯಂತ್ರದ ಕೆಳಗೆ ಒಡವೆ ಇಟ್ಟರೆ ಕ್ಷ-ಕಿರಣದಿಂದ ಶುದ್ಧತೆಯ ಅಂಕಿ ಬಂದುಬಿಡುತ್ತದೆ. ಆದರೆ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ. ಒರೆಗಲ್ಲಿನ ಕಥೆಯೂ ಅಷ್ಟೆ. ಒಳಗೇನಿದೆ ಎಂಬುದು ಬೇರೆ ಪ್ರಶ್ನೆ. ನಮ್ಮ ಕೊಡಗಿನ ಜೋಮಾಲೆ, ಉತ್ತರ ಕರ್ನಾಟಕದ ಬೋರಮಾಳ ಇವುಗಳ ಗುಂಡುಗಳು ಟೊಳ್ಳು, ಒಳಗೆ ಅರಗು ತುಂಬಿರುತ್ತಾರೆ. ಅದು ಮೋಸವಲ್ಲ, ಒಡವೆ ಮಾಡುವ ರೀತಿಯೇ ಹಾಗೆ. ಅರಗಿನ ತೂಕವನ್ನು ಚಿನ್ನದ ದರದಲ್ಲಿ ಕೊಂಡರೆ ಮಾತ್ರ ಕೈ ಸುಟ್ಟಂತೆ. ಹರಳಿನ ತೂಕವನ್ನೂ ಹೀಗೆಯೇ ಕಳೆಯಬೇಕು.

ನಾಣ್ಯ, ಬಿಸ್ಕತ್ತುಗಳಲ್ಲಿ ಮೋಸದ ಲೋಹ ಟಂಗ್‌ಸ್ಟನ್. ಚಿನ್ನದ ಸಾಂದ್ರತೆ 19.3, ಟಂಗ್‌ಸ್ಟನ್ನಿನದು 19.25. ಹಾಗಾಗಿ ಒಳಗೆ ಅದನ್ನಿಟ್ಟು ಮೇಲೆ ಚಿನ್ನದ ಹೊದಿಕೆ ಹಾಕಿದರೆ ಆರ್ಕಿಮಿಡೀಸನ ನೀರಿನ ಪರೀಕ್ಷೆಯೂ ಸೋಲುತ್ತದೆ. ಬೆಳ್ಳಿಗೆ ಮಾತ್ರ ನೀರಿನ ಪರೀಕ್ಷೆ ಬಹಳ ಉಪಯೋಗ: 100 ಗ್ರಾಂ ಅಚ್ಚ ಬೆಳ್ಳಿಯ ಗಟ್ಟಿ ಸುಮಾರು 9.5 ಮಿಲಿಲೀಟರ್ ನೀರನ್ನು ಸರಿಸುತ್ತದೆ, ಅಷ್ಟೇ ತೂಕದ ತಾಮ್ರ 11ಕ್ಕಿಂತ ಹೆಚ್ಚು. ಅಂದ ಹಾಗೆ, ಜರ್ಮನ್ ಸಿಲ್ವರ್ ಎಂದು ಮಾರುವುದರಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ, ನಿಕ್ಕಲ್, ಸತುವು ಅಷ್ಟೆ.

ಇಷ್ಟೆಲ್ಲ ಹೇಳಿದ್ದು ಕೊಳ್ಳುವವರ ಕಷ್ಟ. ಮಾರುವವರ ಕಷ್ಟ ಇದಕ್ಕಿಂತ ದೊಡ್ಡದು, ಅದನ್ನು ಕೊಂಚ ನಿಧಾನವಾಗಿ ಓದಿ.

ಹಣ ಬಂದಿದೆ ಎಂದು ಸ್ಕ್ರೀನ್‌ಶಾಟ್ ತೋರಿಸಿ ಸರ ಒಯ್ಯುವುದು ಹಳೆಯ ಆಟ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎನ್ನುವುದೂ ಹಳೆಯದೇ. ಪಿನ್ ಒತ್ತುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಇವೆರಡನ್ನೂ ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ಹೊಸ ಆಟದಲ್ಲಿ ಹಣ ನಿಜವಾಗಿಯೇ ಬರುತ್ತದೆ. ನಿಮ್ಮ ಬ್ಯಾಂಕಿನ ಪುಸ್ತಕದಲ್ಲೇ ಕಾಣುತ್ತದೆ. ತೊಂದರೆ ಏನೆಂದರೆ, ಆ ಹಣ ನಿಮ್ಮೆದುರು ನಿಂತವನದ್ದಲ್ಲ.

ನಡೆಯುವುದು ಹೀಗೆ. ವಂಚಕ ನಿಮ್ಮೊಡನೆ ಸರದ ಬೆಲೆ ಮಾತಾಡಿ ಖಾತೆ ಸಂಖ್ಯೆ ಪಡೆಯುತ್ತಾನೆ. ಅದೇ ಹೊತ್ತಿಗೆ ಬೇರೆ ಯಾವುದೋ ಊರಿನಲ್ಲಿ ಒಬ್ಬ ನಿವೃತ್ತ ಮೇಷ್ಟರನ್ನು ಪೊಲೀಸ್ ಎಂದು ಹೆದರಿಸಿಯೋ, ಷೇರಿನ ಆಸೆ ತೋರಿಸಿಯೋ ಬಲೆಗೆ ಹಾಕಿರುತ್ತಾನೆ. ಅವರಿಗೆ ಹಣ ಕಟ್ಟಲು ಕೊಡುವುದು ನಿಮ್ಮ ಖಾತೆಯ ಸಂಖ್ಯೆ! ನಿಮಗೆ ಹೇಳುವುದು, "ಅಣ್ಣ, ನಮ್ಮ ಭಾವನ ಅಕೌಂಟಿಂದ ಹಾಕಿಸ್ತಿದ್ದೀನಿ." ಹಣ ಬಂತು, ನೀವು ಸರ ಕೊಟ್ಟಿರಿ. ಮೇಷ್ಟರಿಗೆ ಎಚ್ಚರವಾಗಿ 1930ಕ್ಕೆ ದೂರು ಕೊಡುತ್ತಾರೆ. ಹಣ ಹೋದ ಜಾಡು ಹಿಡಿದರೆ ಸಿಗುವುದು ನೀವು. ನಿಮ್ಮ ಖಾತೆಯಲ್ಲಿ ಆ ಹಣವನ್ನು, ಎಷ್ಟೋ ಸಲ ಇಡೀ ಖಾತೆಯನ್ನೇ, ತಡೆಹಿಡಿಯುತ್ತಾರೆ. ದೂರು ಇನ್ನೊಂದು ರಾಜ್ಯದ್ದಾದರೆ ಅಲ್ಲಿಯ ಪೊಲೀಸರಿಗೆ ನಿಮ್ಮ ಕಡೆಯ ಸತ್ಯ ಒಪ್ಪಿಸಬೇಕು. ಚಿನ್ನವಂತೂ ಅಷ್ಟರಲ್ಲಿ ಕರಗಿರುತ್ತದೆ. ವಂಚಕರಿಗೆ ಚಿನ್ನವೇ ಬೇಕಾಗುವುದು ಇದಕ್ಕೇ, ಒಮ್ಮೆ ಕರಗಿದ ಮೇಲೆ ಅದಕ್ಕೆ ಮುಖವಿಲ್ಲ.

ಆದ್ದರಿಂದ ನಿಯಮ ಗಟ್ಟಿಯಾಗಿರಲಿ. ಒಡವೆ ಕೈಗೆ ತೆಗೆದುಕೊಳ್ಳುವವರ ಖಾತೆಯಿಂದಲೇ ಹಣ ಬರಬೇಕು, ಗುರುತಿನ ಚೀಟಿಯ ಹೆಸರೂ ಅದೇ ಇರಬೇಕು. ಭಾವನಾದರೆ ಭಾವನೇ ಬರಲಿ. "ಹೆಚ್ಚು ಹಾಕಿಬಿಟ್ಟೆ, ಈ ಬೇರೆ ನಂಬರಿಗೆ ವಾಪಸ್ ಹಾಕಿ" ಎಂದರೆ ಹಾಕಬೇಡಿ, ಬ್ಯಾಂಕಿನ ಮೂಲಕವೇ ಹಿಂತಿರುಗಲಿ. ತೂಕ, ಶುದ್ಧತೆ, ಸಂಕೇತ, ಬೆಲೆ, ದಿನಾಂಕ ಬರೆದು ಇಬ್ಬರೂ ಸಹಿ ಹಾಕಿದ ಒಂದು ಹಾಳೆ ಮನೆಯಲ್ಲಿರಲಿ. ಹಾಗಾದರೆ ನಗದೇ ವಾಸಿ ಎನ್ನುತ್ತೀರೇನೋ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು 2017ರಿಂದ ನಿಷೇಧಿಸಲಾಗಿದೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಬೀಳುವುದು ಪಡೆದವರಿಗೆ.

ಕೊಳ್ಳುವವರಿಗೂ ಈ ಹಾಳೆ ಬೇಕು. ಕದ್ದ ಮಾಲು ಎಂದಾದರೆ ನೀವು ಪೂರ್ತಿ ಬೆಲೆ ಕೊಟ್ಟಿದ್ದರೂ ಒಡವೆ ಮೂಲ ಒಡೆಯರಿಗೆ ಹೋಗುತ್ತದೆ. ಕದ್ದದ್ದೆಂದು ತಿಳಿದೂ, ಇಲ್ಲವೇ ಹಾಗೆಂದು ನಂಬಲು ಕಾರಣವಿದ್ದೂ ಕೊಂಡರೆ ಮೂರು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಪೇಟೆಗಿಂತ ತೀರಾ ಅಗ್ಗದ ಬೆಲೆಯೇ ಅಂಥ ಒಂದು ಕಾರಣವೆನಿಸಬಹುದು. ಅಗ್ಗಕ್ಕೆ ಇನ್ನೊಂದು ಪೆಟ್ಟೂ ಇದೆ: ಪೇಟೆ ಬೆಲೆಗಿಂತ 50,000ಕ್ಕೂ ಮಿಕ್ಕಿ ಕಡಿಮೆಗೆ ಕೊಂಡರೆ ಆ ವ್ಯತ್ಯಾಸ ನಿಮ್ಮ ಆದಾಯವೆಂದು ತೆರಿಗೆಗೆ ಬರುತ್ತದೆ.

ಮಾರಿದವರ ತೆರಿಗೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದ ಒಡವೆ ಮಾರಿದರೆ ಲಾಭದ ಮೇಲೆ ಶೇಕಡ 12.5. ಈ ನಿಯಮ 2024ರ ಜುಲೈ 23ರಿಂದ ಬಂದದ್ದು. ಅಜ್ಜಿಯಿಂದ ಬಂದ ಸರಕ್ಕೆ ಅಜ್ಜಿ ಕೊಟ್ಟ ಬೆಲೆಯೇ ಅಸಲು, ಅವರ ಬಳಿ ಇದ್ದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. 2001ಕ್ಕೂ ಮೊದಲಿನದಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. (ನಮ್ಮ ಕೋಲಾರದ ಗಣಿ ಮುಚ್ಚಿದ್ದು ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೆ.)

ಇಷ್ಟು ರಗಳೆ ಬೇಡ, ಆದರೂ ಇನ್ನೊಬ್ಬ ಸಾಮಾನ್ಯ ಮನುಷ್ಯನಿಂದಲೇ ಕೊಳ್ಳಬೇಕು ಎನ್ನುವವರಿಗೆ ಚಿನ್ನದ ಬಾಂಡುಗಳಿವೆ. ಸರ್ಕಾರ 2015ರ ನವೆಂಬರಿನಿಂದ 2024ರ ಫೆಬ್ರುವರಿಯವರೆಗೆ ಅವನ್ನು ಬಿಡುಗಡೆ ಮಾಡಿತು, ಅದರಿಂದೀಚೆಗೆ ಹೊಸ ಕಂತು ಬಂದಿಲ್ಲ. ಹಳೆಯವನ್ನು ಡಿಮ್ಯಾಟ್ ಖಾತೆಯಿದ್ದವರು ಷೇರುಪೇಟೆಯಲ್ಲಿ ಕೊಳ್ಳಬಹುದು, ಮಾರಬಹುದು. ನಡುವೆ ಪೇಟೆಯ ವ್ಯವಸ್ಥೆ ನಿಂತಿರುವುದರಿಂದ ಅರಗು, ಟಂಗ್‌ಸ್ಟನ್, ಭಾವ ಯಾರೂ ಬರುವುದಿಲ್ಲ. ವಹಿವಾಟು ತೆಳುವಾಗಿರುವ ಕಂತುಗಳಲ್ಲಿ ಕೇಳಿದ ಬೆಲೆ ತಕ್ಷಣ ಸಿಗದು, ಅಷ್ಟು ತಾಳ್ಮೆ ಬೇಕು. ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ 'ಡಿಜಿಟಲ್ ಗೋಲ್ಡ್' ಇದಲ್ಲ. ಅದು ತನ್ನ ನಿಯಂತ್ರಣಕ್ಕೆ ಒಳಪಟ್ಟಿಲ್ಲ ಎಂದು ಸೆಬಿ 2025ರ ನವೆಂಬರಿನಲ್ಲಿ ಜನರನ್ನು ಎಚ್ಚರಿಸಿದೆ.