ಭುರುಟ್ ಹುಲ್ಲು: ಹೊತ್ತರಿತು ಕೊಯ್ದರೆ ಮೇವು



ಒಂದೇ ಹುಲ್ಲು ಈ ತಿಂಗಳು ಸೊಗಸಾದ ಮೇವು, ಮುಂದಿನ ತಿಂಗಳು ಕುರಿಗೆ ಪೀಡೆ. ಹಾಗೂ ಉಂಟೇ ಅಂತೀರಾ? ಉಂಟು. ರಾಜಸ್ಥಾನದ ಜೈಸಲ್ಮೇರ್, ಬಾಡ್ಮೇರ್, ಬಿಕಾನೇರ್ ಕಡೆಯ ಮರಳುನೆಲದಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅಲ್ಲಿಯವರು ಭುರುಟ್ ಎನ್ನುತ್ತಾರೆ. ಶಾಸ್ತ್ರಜ್ಞರ ಹೆಸರು ಸೆಂಕ್ರಸ್ ಬೈಫ್ಲೋರಸ್.

ಇದು ಒಂದು ವರ್ಷದ ಹುಲ್ಲು. ಮೊದಲ ಮಳೆ ಬಿದ್ದರೆ ಸಾಕು, ಬೇಗನೆ ಮೊಳೆಯುತ್ತದೆ. ತೆನೆ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಅದೇ ಸೀಮೆಯ ಸೇವಣ್ ಹುಲ್ಲು ಬುಡದಿಂದ ಮತ್ತೆ ಚಿಗುರೀತು, ಭುರುಟ್ ಚಿಗುರದು. ಅದರ ಮುಂದಿನ ವರ್ಷದ ಬಾಳು ಬೀಜದಲ್ಲಿದೆ.

ಆ ಬೀಜದ ಸುತ್ತ ಮುಳ್ಳಿನ ಕವಚ. ಮುಳ್ಳಿನಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಕೊಕ್ಕೆಗಳಿವೆ. ನಮ್ಮ ಉತ್ತರಾಣಿ ಕಾಯಿ ಪಂಚೆಗೆ ಅಂಟಿಕೊಳ್ಳುವುದಿಲ್ಲವೇ, ಹಾಗೆಯೇ ಇದೂ. ಚುಚ್ಚುವುದು ಮಾತ್ರ ಇನ್ನೂ ಜೋರು. ಕುರಿಯ ಮೈಮೇಲೆ ಕುಳಿತು ಊರೂರು ತಿರುಗುವುದೇ ಅದರ ಬಿತ್ತನೆ.

ಈಗ ಮುಖ್ಯ ಮಾತಿಗೆ ಬರೋಣ. ಹುಲ್ಲಿನ ಬಾಳಿನಲ್ಲಿ ಮೂರು ಹೊತ್ತುಗಳಿವೆ:

1. ಎಳೆಯದಿದ್ದಾಗ: ದನ, ಕುರಿ, ಒಂಟೆ ಎಲ್ಲವೂ ಆಸೆಯಿಂದ ಮೇಯುತ್ತವೆ. ಹೊಡೆ ಕಟ್ಟುವುದರೊಳಗೆ ಕೊಯ್ದು ಒಣಗಿಸಿದರೆ ಬಣವೆಗೆ ಒಳ್ಳೆಯ ಹುಲ್ಲು.

2. ಕಾಯಿ ಬಲಿತಾಗ: ದನಕರು ಮೂತಿ ತಿರುಗಿಸುತ್ತವೆ. ಹಸಿವಿಗೆ ತಿಂದರೆ ಬಾಯಿ ಹುಣ್ಣಾಗುತ್ತದೆ. ಕುರಿಯ ತುಪ್ಪಟಕ್ಕೆ ಕಾಯಿ ಸಿಕ್ಕಿಕೊಂಡರೆ ಬಿಡಿಸುವುದು ಬಲು ಕಷ್ಟ, ಉಣ್ಣೆಯ ಬೆಲೆ ಬಿತ್ತೆಂದೇ ತಿಳಿಯಿರಿ. ಆದ್ದರಿಂದ ಕಾಯಿ ಬಲಿಯುವ ಮೊದಲೇ ಉಣ್ಣೆ ಕತ್ತರಿಸುವುದು ಲೇಸು.

3. ಕಾಯಿ ಉದುರಿದ ಮೇಲೆ: ಒಣಕಡ್ಡಿಯನ್ನು ದನಗಳು ಮತ್ತೆ ತಿನ್ನುತ್ತವೆ. ಸತ್ವ ಕಡಿಮೆ, ಆದರೆ ಬೇಸಿಗೆಯಲ್ಲಿ ಅದೇ ಹೊಟ್ಟೆಗೆ ಆಧಾರ.

ಹಾಗಾದರೆ ಎಲ್ಲವನ್ನೂ ಎಳೆಯದಾಗಿಯೇ ಕೊಯ್ದುಬಿಡೋಣವೇ? ಬೇಡಿ. ಬೀಜ ಬೀಳದಿದ್ದರೆ ಬರುವ ವರ್ಷಕ್ಕೆ ಹುಲ್ಲು ಕಡಿಮೆಯಾಗುತ್ತದೆ, ಬರೀ ಮರಳು ಗಾಳಿಗೆ ಹಾರುತ್ತದೆ. ಒಂದು ಪಾಲನ್ನು ಬೀಜಕ್ಕೆಂದು ಬಿಡಬೇಕು; ಕಾಯಿ ಉದುರುವ ತನಕ ಕುರಿಗಳನ್ನು ಅತ್ತ ಬಿಡಬಾರದು.

ಈ ಬೀಜ ಮನುಷ್ಯರನ್ನೂ ಕಾಪಾಡಿದೆ. ಬರಗಾಲದಲ್ಲಿ ರಾಜಸ್ಥಾನದ ಜನ ಮುಳ್ಳು ಬಿಡಿಸಿ, ಕಾಳು ಬೀಸಿ, ಸಜ್ಜೆ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿದ್ದಾರೆ. ಆಫ್ರಿಕಾದಲ್ಲಿ ಸಹಾರಾ ಮರಳುಗಾಡಿನ ದಕ್ಷಿಣಕ್ಕಿರುವ ಸಾಹೆಲ್ ಸೀಮೆಯಲ್ಲೂ ಇದೇ ಹುಲ್ಲುಂಟು. ಅಲ್ಲಿ ಕ್ರಮ್-ಕ್ರಮ್ ಎಂದು ಹೆಸರು. 1850ರಿಂದ 1855ರವರೆಗೆ ಆ ಕಡೆ ಸಂಚರಿಸಿದ ಜರ್ಮನಿಯ ಹೈನ್ರಿಖ್ ಬಾರ್ತ್, ಟುಆರೆಗ್ ಜನ ಮುಳ್ಳು ಕೀಳಲು ಚಿಮುಟವನ್ನು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ನಮ್ಮ ಬಯಲುಸೀಮೆಯ ಕಾವಲುಗಳಲ್ಲಿಯೂ ಈಟಿಯಂಥ ಊಬು ಬಿಡುವ ಹುಲ್ಲುಂಟು, ಕುರಿ ಕಾಯುವವರಿಗೆ ಹೇಳಬೇಕಾದ್ದಿಲ್ಲ. ಅದಕ್ಕೂ ಇದೇ ಲೆಕ್ಕ: ಊಬು ಬಲಿಯುವ ಮುನ್ನ ಕುಡುಗೋಲು ಹಾಕಿ, ಬೀಜಕ್ಕೊಂದು ಪಾಲು ಉಳಿಸಿ. ಈ ಸಲ ಮಳೆ ಬಿದ್ದ ಮೇಲೆ ವಾರಕ್ಕೊಮ್ಮೆ ಕಾವಲಿಗೆ ಹೋಗಿ ತೆನೆ ನೋಡಿಬನ್ನಿ.