ಮಣ್ಣು ಮೆತ್ತುವ ಮಂಡೂಕ

ಪ್ರಶ್ನೆ: ತನ್ನ ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕಪ್ಪೆಯೊಂದು ನಮ್ಮ ನಾಡಿನಲ್ಲಿ ಇದೆಯಂತೆ, ನಿಜವೇ?

ಉತ್ತರ: ನಿಜ. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನಲ್ಲಿ, ರಾಮಪತ್ರೆ ಮರಗಳು ನೀರಿನಿಂದ ಬೇರುಗಳನ್ನು ಮೇಲೆತ್ತಿ ನಿಂತಿರುವ ಜಡ್ಡಿಗಳ ಆಸುಪಾಸಿನ ತೊರೆಗಳಲ್ಲಿ ವಾಸಿಸುವ ಈ ನಿಶಾಚರ ಜೀವಿಯನ್ನು ಕೆ. ವಿ. ಗುರುರಾಜ ಮತ್ತು ಅವರ ಸಹಸಂಶೋಧಕರು 2014ರಲ್ಲಿ ನೂತನ ಪ್ರಭೇದವೆಂದು ನಿರೂಪಿಸಿ, ಅದರ ಶಾಸ್ತ್ರೀಯ ನಾಮದಲ್ಲಿ ‘ಕುಂಬಾರ’ ಎಂಬ ನಮ್ಮ ಪದವನ್ನೇ ಇರಿಸಿದರು.

ಮಳೆಗಾಲದ ಇರುಳಿನಲ್ಲಿ, ಮಂದಗತಿಯ ನೀರಿನ ಮೇಲೆ ಚಾಚಿಕೊಂಡಿರುವ ಕಡ್ಡಿಗೋ ಬಂಡೆಗೋ ಹೆಣ್ಣು ಮುಂಗಾಲುಗಳನ್ನೂರಿ ತಲೆಕೆಳಗಾಗಿ ನಿಂತು ಮೊಟ್ಟೆಗಳನ್ನು ಅಂಟಿಸುತ್ತದೆ. ಅನಂತರದ ಕಾರ್ಯವೆಲ್ಲ ಗಂಡಿನದು. ಹಿಂಗಾಲುಗಳ ಮೇಲೆ ಮನುಷ್ಯನಂತೆ ನೆಟ್ಟಗೆ ನಿಂತು, ತೊರೆಯ ತಳದ ಕೆಸರನ್ನು ಮುಂಗೈಗಳಲ್ಲಿ ಎತ್ತಿ, ಮೊಟ್ಟೆಗಳ ಗೊಂಚಲು ಮುಚ್ಚಿಹೋಗುವಂತೆ ಅದು ಬಳಿಯುತ್ತದೆ. ಇಂತಹ ವರ್ತನೆ ಕಪ್ಪೆಗಳಲ್ಲಿ ಅದಕ್ಕೆ ಮುನ್ನ ವರದಿಯಾಗಿರಲಿಲ್ಲ. ಕತ್ತಲೆಯಲ್ಲಿ ನಡೆಯುವ ಈ ಕಸುಬನ್ನು ಅವಕೆಂಪು ಕಿರಣದ ಕ್ಯಾಮೆರಾಗಳಿಲ್ಲದೆ ಸಂಶೋಧಕರು ಸ್ಫುಟವಾಗಿ ಕಾಣುವುದು ದುಷ್ಕರವಾಗುತ್ತಿತ್ತು. ಲೇಪನದ ಪ್ರಯೋಜನವೇನು? ಮೊಟ್ಟೆಗಳು ಒಣಗದಂತೆಯೂ, ಭಕ್ಷಕರ ಕಣ್ಣಿಗೆ ಬೀಳದಂತೆಯೂ ಅದು ಕಾಪಾಡುತ್ತದೆಂಬುದು ವಿಜ್ಞಾನಿಗಳ ಊಹೆ. ಅದು ಯುಕ್ತಿಯುಕ್ತವೆಂದೇ ನನಗೂ ತೋರುತ್ತದೆ.

ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬಿದ್ದು ಬೆಳೆಯುವುದರಿಂದ, ಆ ತೊರೆಯ ಹರಿವು ನಿಂತರೆ ಗಂಡಿನ ಶ್ರಮವೆಲ್ಲ ವ್ಯರ್ಥ. ಅಡಕೆ ತೋಟಕ್ಕೂ ಗದ್ದೆಗೂ ಜಡ್ಡಿಗಳನ್ನು ಬಳಸಿಕೊಂಡ ಕಡೆಗಳಲ್ಲಿ ಆ ಹರಿವೇ ಮೊದಲು ಬದಲಾಗುತ್ತದೆ.